ಮೊಣಕಾಲು ಬದಲಿಸಬೇಕಾ, ಬೇಡ್ವಾ? ಅಂಜಿಕೆ ಇದ್ದಾಗ ನಿರ್ಧಾರ ಮಾಡುವ ದಾರಿ

ಕಲಬುರಗಿ ಕಡೆ ಮೊಣಕಾಲು ನೋವಿನ ಮಾತು ಬಂದರೆ ಎರಡು ಕಥೆ ಜೊತೆಯಲ್ಲೇ ಬರುತ್ತವೆ. ಒಂದು, ಆಪರೇಷನ್ ಆದ ಮೇಲೆ ಶರಣಬಸವೇಶ್ವರರ ತೇರಿಗೆ ನಡೆದೇ ಹೋಗಿ ಬಂದ ಅತ್ತೆಯದು. ಇನ್ನೊಂದು, ಕೀವಾಗಿ ಎರಡನೇ ಸಲ ಕಾಲು ಕೊಯ್ಸಿಕೊಂಡ ಕಾಕಾನದು. ಎರಡೂ ನಿಜವೇ ಇರಬಹುದು. ಆದರೆ ನಿಮ್ಮ ಕಾಲಿಗೆ ಏನಾಗುತ್ತದೆ ಅಂತ ಎರಡೂ ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎರಡು ಸಲ ಬಂತು. ಅವ್ವ ಮಾಡಿಸಿಕೊಂಡಳು. ಅವಳ ಅಕ್ಕ, ನಮ್ಮ ದೊಡ್ಡವ್ವ, ಬೇಡ ಅಂದಳು. ಇಬ್ಬರದ್ದೂ ಸರಿಯಾದ ನಿರ್ಧಾರ ಅಂತಲೇ ನಾನು ನಂಬಿದ್ದೇನೆ. ಅಂಜಿಕೆ ಇಬ್ಬರಿಗೂ ಇತ್ತು. ಆ ಅಂಜಿಕೆಯನ್ನು ಒಂದೊಂದೇ ಪ್ರಶ್ನೆ ಮಾಡಿಕೊಂಡು ಕೇಳುತ್ತಾ ಹೋದರೆ ದಾರಿ ಕಾಣುತ್ತದೆ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಇದು ಸವೆದ ಮೊಣಕಾಲಿನ ಮಾತು, ಅಂದರೆ ಸವೆದ ಕೀಲಿನ ಜಾಗಕ್ಕೆ ಕೃತಕ ಕೀಲು ಹಾಕಿಸುವ ಮಾತು. ಬಿದ್ದು ತೊಡೆಯ ಎಲುಬಿನ ಮೇಲ್ತುದಿ ಮುರಿದಿದ್ದರೆ ಹೀಗೆ ಕೂತು ಯೋಚಿಸುವ ಹಾಗಿಲ್ಲ, ತಡ ಆದಷ್ಟೂ ಜೀವಕ್ಕೆ ಅಪಾಯ. ಸವೆದ ಮೊಣಕಾಲಿಗೆ ಆ ಅವಸರ ಇಲ್ಲ. "ಈ ವಾರವೇ ಮಾಡಿಸಿಬಿಡಿ" ಅಂತ ಯಾರಾದರೂ ಒತ್ತಾಯ ಮಾಡಿದರೆ ಯಾಕೆ ಅಂತ ಕೇಳಿ.

ನೋವು ಮೊಣಕಾಲಿನದೇನಾ?

ಎಕ್ಸ್‌ರೇ ನಿಂತುಕೊಂಡು ತೆಗೆಸಿದ್ದಾ, ಮಲಗಿ ತೆಗೆಸಿದ್ದಾ ನೋಡಿ. ಮಲಗಿದಾಗ ಕಾಲಿನ ಮೇಲೆ ಮೈಭಾರ ಬೀಳುವುದಿಲ್ಲ. ಹಾಗಾಗಿ ಸವೆದ ಕೀಲೂ ಪರವಾಗಿಲ್ಲ ಅನ್ನುವ ಹಾಗೆ ಕಾಣುತ್ತದೆ. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಎರಡು ಎಲುಬಿನ ನಡುವಿನ ಸಂದಿ ಎಷ್ಟು ಉಳಿದಿದೆ ಅನ್ನುವುದು ಸರಿಯಾಗಿ ತಿಳಿಯುತ್ತದೆ.

ಸೊಂಟದ ಕೀಲು ಹಾಳಾದರೂ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳಬಹುದು. ಬೆನ್ನಿನಲ್ಲಿ ನರ ಒತ್ತಿದರೂ ಹಾಗೇ. ಡಾಕ್ಟರು ನಿಮ್ಮನ್ನು ಮಲಗಿಸಿ ಸೊಂಟದ ಕೀಲು ತಿರುಗಿಸಿ ನೋಡದೆ, ಬರೀ ಫಿಲ್ಮ್ ನೋಡಿ ಹೇಳಿದ್ದರೆ ಇನ್ನೊಬ್ಬರಿಗೆ ತೋರಿಸಿ. ಕೈಬೆರಳು, ಮುಂಗೈ ಎಲ್ಲಾ ಬಾತು, ಬೆಳಿಗ್ಗೆ ಎದ್ದ ಮೇಲೆ ಒಂದು ತಾಸಿಗಿಂತ ಜಾಸ್ತಿ ಹೊತ್ತು ಕೀಲು ಬಿಗಿಯಾಗಿಯೇ ಇರುತ್ತವೆ ಅಂದರೆ ಅದು ಬೇರೆ ತರಹದ ಸಂಧಿವಾತ ಇರಬಹುದು. ಅದಕ್ಕೆ ಮೊದಲು ಔಷಧ, ಆಮೇಲೆ ಆಪರೇಷನ್ ಮಾತು.

ಮೊಣಕಾಲು ನಿಮ್ಮಿಂದ ಏನೇನು ಕಿತ್ತುಕೊಂಡಿದೆ, ಬರೆದಿಡಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಕಡಿಮೆ ಅಂದರೂ ಎರಡು ವಾರ ಬರೆಯಿರಿ.

ಅವ್ವ ದಾಲ್ ಮಿಲ್‌ನವರು ಕೊಟ್ಟ ಗೋಡೆ ಕ್ಯಾಲೆಂಡರ್‌ನಲ್ಲೇ ಬರೆಯುತ್ತಿದ್ದಳು. ರಾತ್ರಿ ನೋವಿಗೆ ಎಚ್ಚರ ಆದರೆ ಆ ತಾರೀಖಿನ ಮನೆಯಲ್ಲಿ "ಎ". ನೋವಿನ ಗುಳಿಗೆ ತಗೊಂಡರೆ "ಗು". ಎಲ್ಲಿಗಾದರೂ ಹೋಗಬೇಕಾಗಿದ್ದು ಕಾಲಿನ ಸಲುವಾಗಿ ಬಿಟ್ಟರೆ ಒಂದು ಗೀಟು. ತಿಂಗಳ ಕೊನೆಗೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ "ಎ" ಮತ್ತು "ಗು" ಎರಡೂ ಇದ್ದವು. ತಮ್ಮನ ಮಗನ ಮದುವೆಯ ದಿನ ಗೀಟು ಇತ್ತು. ಡಾಕ್ಟರ ಮುಂದೆ "ಭಾಳ ನೋವದ್ರೀ" ಅಂದಿದ್ದಕ್ಕಿಂತ ಆ ಒಂದು ಹಾಳೆ ಜಾಸ್ತಿ ಹೇಳಿತು.

ದೊಡ್ಡವ್ವನ ಲೆಕ್ಕ ಬೇರೆ. ಮೆಟ್ಟಿಲು ಇಳಿಯುವಾಗ ನೋವು, ಜಾಸ್ತಿ ಹೊತ್ತು ನಿಂತರೆ ನೋವು. ಆದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಸಂಜೆ ಗುಡಿಗೆ ನಡೆದುಕೊಂಡೇ ಹೋಗಿ ಬರುತ್ತಾಳೆ. ಗಮನಿಸಬೇಕಾದ್ದು ಏನೆಂದರೆ, ಎಕ್ಸ್‌ರೇ ಅವಳದ್ದೇ ಅವ್ವನದಕ್ಕಿಂತ ಕೆಟ್ಟದಾಗಿತ್ತು. "ನಾಲ್ಕನೇ ಗ್ರೇಡ್", ಅಂದರೆ ಸವೆತದ ಕೊನೆಯ ಹಂತ, ಅಂತ ರಿಪೋರ್ಟ್‌ನಲ್ಲಿ ಬಂತು ಅಂದ ಮಾತ್ರಕ್ಕೆ ಆಪರೇಷನ್ ಆಗಲೇಬೇಕು ಅಂತಿಲ್ಲ. ಹಾಗೇ ಸವೆತ ಇನ್ನೂ ಕಡಿಮೆ ಇದ್ದಾಗಲೇ ಮಾಡಿಸಿಕೊಂಡವರಲ್ಲಿ ಆಮೇಲೆ ಸಮಾಧಾನ ಇಲ್ಲ ಅನ್ನುವವರು ಜಾಸ್ತಿ.

ಬರೆದ ಹಾಳೆಯ ಹಿಂದೆ ಇನ್ನೊಂದು ಬರೆಯಿರಿ: ಆಪರೇಷನ್ ಆದ ಮೇಲೆ ನಿಮಗೆ ಏನು ಮಾಡುವ ಆಸೆ ಇದೆ? ರಾತ್ರಿ ನಿದ್ದೆ ಮಾಡುವುದು, ಬಜಾರಿಗೆ ಹೋಗಿ ಬರುವುದು, ಬಸ್ ಹತ್ತುವುದು, ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವುದು ಅಂತಿದ್ದರೆ, ಇವು ಹೆಚ್ಚಿನವರಿಗೆ ಸಿಗುತ್ತವೆ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು, ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಊಟಕ್ಕೆ ಕೂಡುವುದು, ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವುದು ಅಂತಿದ್ದರೆ ಅದರ ಆಸೆ ಬಿಡಿ. ಬದಲಿಸಿದ ಮೊಣಕಾಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿವರೆಗೆ ಮಡಚುತ್ತದೆ. ಕುಕ್ಕರಗಾಲಿಗೆ ಅಷ್ಟು ಸಾಲುವುದಿಲ್ಲ. ಹೆಚ್ಚಿನ ಸರ್ಜನ್‌ಗಳು ನೆಲಕ್ಕೆ ಕೂಡಲೇಬೇಡಿ ಅನ್ನುತ್ತಾರೆ. ಪೂಜೆ, ನಮಾಜ್ ಎಲ್ಲಾ ಕುರ್ಚಿಯ ಮೇಲೆ. ಈ ಮಾತು ಮೊದಲೇ ಗೊತ್ತಿಲ್ಲದೆ ಮಾಡಿಸಿಕೊಂಡು ಆಮೇಲೆ ಸಂಕಟಪಡುವವರು ನಮ್ಮ ಕಡೆ ಬಹಳ.

ಬೇರೆ ಉಪಾಯ ನಿಜವಾಗಿ ಮಾಡಿದ್ದೀರಾ?

"ಎಲ್ಲಾ ಮಾಡಿ ನೋಡ್ದೆ" ಅಂತ ಹೇಳುವವರಲ್ಲಿ ಬಹಳ ಜನ ಎಣ್ಣೆ ಹಚ್ಚಿರುತ್ತಾರೆ, ಗುಳಿಗೆ ನುಂಗಿರುತ್ತಾರೆ, ಅಷ್ಟೇ. ತೊಡೆಯ ಮುಂದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರ ಹತ್ತಿರ ಕಲಿತು ದಿನಾ ಮಾಡಿ. ಮೂರು ತಿಂಗಳು ಬಿಡದೆ ಮಾಡಿದ ಮೇಲೆ ಅದರ ಫಲದ ಬಗ್ಗೆ ಮಾತಾಡಿ. ಆಮೇಲೆ ಆಪರೇಷನ್ನೇ ಆಗಬೇಕಾಗಿ ಬಂದರೂ ಈ ವ್ಯಾಯಾಮ ವ್ಯರ್ಥ ಹೋಗುವುದಿಲ್ಲ, ಗಟ್ಟಿ ತೊಡೆ ಇದ್ದವರು ಬೇಗ ಏಳುತ್ತಾರೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಬಡಿಗೆ ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಗೊಳ್ಳುವ ನೋವಿನ ಗುಳಿಗೆ ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿ, ಹೊಟ್ಟೆ ಎರಡಕ್ಕೂ ಪೆಟ್ಟು. ಶುಗರ್, ಬಿಪಿ ಇದ್ದವರಿಗೆ ಇನ್ನೂ ಬೇಗ. "ಆಪರೇಷನ್ ಅಂದ್ರೆ ಅಂಜಿಕೆ" ಅಂತ ದಿನಕ್ಕೆ ಎರಡು ಗುಳಿಗೆಯಲ್ಲಿ ವರ್ಷ ಕಳೆಯುವುದು ಸುರಕ್ಷಿತ ದಾರಿ ಅಲ್ಲ. ಹಳ್ಳಿಗಳಲ್ಲಿ ಮಾರುವ ಮೊಣಕಾಲು ನೋವಿನ ಪುಡಿಗಳ ಬಗ್ಗೆಯೂ ಹುಷಾರು. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಅಂಥದ್ದು ತಗೊಂಡಿದ್ದರೆ ಅಂಜದೆ ಅರಿವಳಿಕೆ ಡಾಕ್ಟರಿಗೆ ಹೇಳಿ, ಆಪರೇಷನ್ ಹೊತ್ತಿನಲ್ಲಿ ಅದು ಬಹಳ ಮುಖ್ಯ ವಿಷಯ.

ಮೊಣಕಾಲಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ. ಆದರೆ ಅದು ತಗೊಂಡ ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಸೋಂಕಿನ ಅಪಾಯ ಜಾಸ್ತಿ. ದುರ್ಬೀನು ಹಾಕಿ ಕೀಲು ತೊಳೆಯುವ ಸಣ್ಣ ಆಪರೇಷನ್‌ನಿಂದ ಸವೆದ ಮೊಣಕಾಲಿಗೆ ಉಪಯೋಗ ಇಲ್ಲ ಅಂತ ಈಗ ಸ್ಪಷ್ಟವಾಗಿದೆ. ಸೂಜಿ ಚುಚ್ಚಿ ಹೊಸ ಕಾರ್ಟಿಲೇಜ್ (ಕೀಲಿನಲ್ಲಿ ಎಲುಬಿನ ತುದಿಗಿರುವ ನುಣುಪಾದ ಪದರ) ಬೆಳೆಸಿ ಕೊಡುತ್ತೇವೆ ಅನ್ನುವ ಜಾಹೀರಾತಿಗೆ ದುಡ್ಡು ಹಾಕಬೇಡಿ.

ಅಂಜಿಕೆಯನ್ನು ಬಿಡಿಸಿ ನೋಡಿ

"ಏನಾದ್ರೂ ಆದ್ರೆ?" ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಾರರು. ಏನಾದರೂ ಅಂದರೆ ಏನು ಅಂತ ಬಿಡಿಸಿದರೆ ಉತ್ತರ ಇದೆ. ಇಲ್ಲಿ ಕೊಟ್ಟಿರುವುದು ದಾಖಲೆ ಚೆನ್ನಾಗಿ ಇಟ್ಟಿರುವ ದೇಶಗಳ ಸುಮಾರು ಲೆಕ್ಕ. ನಿಮ್ಮ ದವಾಖಾನೆಯ ಲೆಕ್ಕವನ್ನು ನಿಮ್ಮ ಸರ್ಜನ್ ಹೇಳಬೇಕು.

ಕೀವಾಗುವುದು: ಕೀಲಿನ ಒಳಗೆ ಆಳವಾಗಿ ಸೋಂಕು ಆಗುವುದು ನೂರಕ್ಕೆ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ಆದರೆ ಆಯಿತು ಅಂದರೆ ಸಣ್ಣ ಮಾತಲ್ಲ. ಮತ್ತೆ ತೆರೆದು ತೊಳೆಯಬೇಕು. ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆದು, ತಿಂಗಳುಗಟ್ಟಲೆ ಔಷಧ ಕೊಟ್ಟು, ಇನ್ನೊಂದು ಹಾಕಬೇಕು. ಕಾಕಾನ ಕಥೆ ಇದೇ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ, ಮೈಭಾರ ಬಹಳ ಇದ್ದವರಿಗೆ, ಬೀಡಿ ಸಿಗರೇಟ್ ಸೇದುವವರಿಗೆ ಈ ಅಪಾಯ ಹೆಚ್ಚು.

ರಕ್ತ ಹೆಪ್ಪುಗಟ್ಟುವುದು: ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ, ಅಪರೂಪಕ್ಕೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಇದನ್ನು ತಡೆಯಲು ಕೆಲವು ವಾರ ರಕ್ತ ತೆಳು ಮಾಡುವ ಗುಳಿಗೆ ಅಥವಾ ಇಂಜೆಕ್ಷನ್ ಕೊಡುತ್ತಾರೆ. ಅದೇ ದಿನ ಅಥವಾ ಮರುದಿನ ಎಬ್ಬಿಸಿ ನಡೆಸುವುದೂ ಇದರ ಸಲುವಾಗಿಯೇ. "ಪಾಪ, ಮಲಗಲಿ ಬಿಡ್ರಿ" ಅಂತ ಮನೆಯವರು ಅಡ್ಡ ಬರಬಾರದು.

ಜೀವಕ್ಕೆ ಅಪಾಯ: ಮೊದಲ ಮೂರು ತಿಂಗಳಲ್ಲಿ ಸಾಯುವವರು ಸಾವಿರಕ್ಕೆ ಕೆಲವೇ ಮಂದಿ. ವಯಸ್ಸು ಮತ್ತು ಹೃದಯದ ಕಾಯಿಲೆ ಜಾಸ್ತಿ ಇದ್ದಷ್ಟೂ ಈ ಲೆಕ್ಕ ಏರುತ್ತದೆ. ಹೆಚ್ಚಾಗಿ ಬೆನ್ನಿಗೆ ಸೂಜಿ ಕೊಟ್ಟು ಕೆಳಗಿನ ಮೈ ಮಾತ್ರ ಮರಗಟ್ಟಿಸುತ್ತಾರೆ. ಆ ಸೂಜಿಯಿಂದ ಜೀವನಪೂರ್ತಿ ಬೆನ್ನು ನೋವು ಬರುತ್ತದೆ ಅನ್ನುವುದು ಜನರ ಬಾಯಿಮಾತು.

ನೋವು ಹೋಗದೇ ಇರುವುದು: ಜನ ಕೀವಿಗೆ ಅಂಜುತ್ತಾರೆ, ಆದರೆ ಹೆಚ್ಚು ಯೋಚಿಸಬೇಕಾದ್ದು ಇದರ ಬಗ್ಗೆ. ಆಪರೇಷನ್ ಚೆನ್ನಾಗೇ ಆಗಿ, ಎಕ್ಸ್‌ರೇ ಸರಿಯಾಗೇ ಇದ್ದು, ಆದರೂ "ಅಂದುಕೊಂಡ ಹಾಗೆ ಆಗಲಿಲ್ಲ" ಅನ್ನುವವರು ಸುಮಾರು ಐವರಲ್ಲಿ ಒಬ್ಬರಿದ್ದಾರೆ. ಕೆಲವರಿಗೆ ನೋವು ಉಳಿಯುತ್ತದೆ. ಕೆಲವರಿಗೆ ಕೀಲು ಬಿಗಿಯಾಗುತ್ತದೆ. ಇನ್ನು ಕೆಲವರು ಆಸೆ ಇಟ್ಟಿದ್ದೇ ಬೇರೆ. ಉಳಿದ ನಾಲ್ವರ ಸಾಲಿಗೆ ಸೇರಬೇಕಾದರೆ ಎರಡು ಸಂಗತಿ ಮುಖ್ಯ: ನೋವು ನಿಜವಾಗಿ ಆ ಕೀಲಿನದೇ ಆಗಿರಬೇಕು, ಮೊದಲ ಆರು ವಾರ ನೋವಿನಲ್ಲೂ ವ್ಯಾಯಾಮ ಬಿಡಬಾರದು.

ಸವೆದು ಮತ್ತೆ ಬದಲಿಸುವುದು: 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಪೂರ್ತಿ ಬದಲಿಸಿದ ಮೊಣಕಾಲುಗಳಲ್ಲಿ ಸುಮಾರು 82% 25 ವರ್ಷ ಬಾಳುತ್ತವೆ. ಅದೇ ಪತ್ರಿಕೆಯಲ್ಲಿ 2017ರಲ್ಲಿ ಬಂದ ಇನ್ನೊಂದು ಲೆಕ್ಕ ನೋಡಿ. 70 ದಾಟಿ ಮಾಡಿಸಿಕೊಂಡವರಲ್ಲಿ ಜೀವಮಾನದಲ್ಲಿ ಮತ್ತೆ ಆಪರೇಷನ್ ಬೇಕಾಗುವುದು ಸುಮಾರು 5% ಜನರಿಗೆ. 50ರ ಆಸುಪಾಸಿನಲ್ಲಿ ಮಾಡಿಸಿಕೊಂಡ ಗಂಡಸರಲ್ಲಿ ಅದು 35%ವರೆಗೆ ಏರುತ್ತದೆ. ಐವತ್ತರ ಆಸುಪಾಸಿನವರಿಗೆ ಸಾಧ್ಯವಾದಷ್ಟು ದೂಡಿ ಅನ್ನುವುದು ಇದಕ್ಕೇ.

ಅಂಜುವ ಕಾರಣ ಇಲ್ಲದ ಎರಡು ಸಂಗತಿ ಹೇಳಿಬಿಡುತ್ತೇನೆ. ಗಾಯದ ಹೊರಮಗ್ಗುಲಿನ ಚರ್ಮ ಜೋಮು ಹಿಡಿದ ಹಾಗೆ ಇರುತ್ತದೆ. ನಡೆಯುವಾಗ ಟಕ್ ಟಕ್ ಸದ್ದು ಬರಬಹುದು. ಎರಡೂ ಸಾಮಾನ್ಯ. ಅವ್ವ ಜೋಮು ನೋಡಿ "ನರ ಕೊಯ್ದು ಬಿಟ್ಟಾರ" ಅಂತ ಅತ್ತಿದ್ದಳು. ಮೊದಲೇ ಗೊತ್ತಿದ್ದರೆ ಆ ರಾತ್ರಿ ಹಾಗೆ ಹೋಗುತ್ತಿರಲಿಲ್ಲ.

ನಿಮ್ಮ ಅಪಾಯ ನೀವೇ ಇಳಿಸಿಕೊಳ್ಳಿ

ಸರಾಸರಿ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಆಪರೇಷನ್ ಹೂಂ ಅನ್ನುವ ಮೊದಲೇ ಇವಿಷ್ಟು ನೋಡಿಸಿ.

ಶುಗರ್ ಇದ್ದರೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಹೇಳುವ ಟೆಸ್ಟ್ ಮಾಡಿಸಿ. ಹೆಚ್ಚಿನ ಸರ್ಜನ್‌ಗಳು 7.5 ಅಥವಾ 8ರೊಳಗೆ ಬರಲಿ ಅಂತ ಕಾಯಿಸುತ್ತಾರೆ. 10 ಇದ್ದರೂ ಪರವಾಗಿಲ್ಲ ಬನ್ನಿ ಅಂದರೆ ಆ ಕಡೆ ಹೋಗಬೇಡಿ. ಹಿಮೋಗ್ಲೋಬಿನ್ ನೋಡಿಸಿ. ನಮ್ಮ ಕಡೆ ವಯಸ್ಸಾದ ಹೆಂಗಸರಲ್ಲಿ ರಕ್ತ ಕಡಿಮೆ ಇರುವುದು ಬಹಳ. 12ಕ್ಕಿಂತ ಕೆಳಗಿದ್ದರೆ ಮೊದಲು ಅದಕ್ಕೆ ಔಷಧ ತಗೊಳ್ಳಿ.

ಹುಳುಕು ಹಲ್ಲು, ವಸಡಿನ ಕೀವು, ಉರಿಮೂತ್ರ, ಬೆರಳಸಂದಿಯ ಹುಣ್ಣು, ಹಿಮ್ಮಡಿ ಬಿರಿದು ಆದ ಗಾಯ. ಇವೆಲ್ಲಾ ಸಣ್ಣದು ಅನಿಸಬಹುದು. ಆದರೆ ಅಲ್ಲಿಂದ ಕ್ರಿಮಿ ರಕ್ತದ ಮೂಲಕ ಹೊಸ ಕೀಲಿಗೆ ಹೋಗಿ ಕೂಡುತ್ತದೆ. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರು ಪಾದ ತೋರಿಸದೆ ಆಪರೇಷನ್‌ಗೆ ಹೋಗಲೇಬಾರದು. ಬೀಡಿ, ಸಿಗರೇಟ್ ಕಡಿಮೆ ಅಂದರೂ ನಾಲ್ಕು ವಾರ ಮೊದಲು ಬಿಡಬೇಕು. ತಂಬಾಕು, ಗುಟ್ಕಾ ಜಗಿಯುವವರೂ ಹಾಗೇ ಬಿಟ್ಟರೆ ಒಳ್ಳೆಯದು.

ಎದೆನೋವು, ದಮ್ಮು, ಹಿಂದೆ ಸ್ಟೆಂಟ್ ಹಾಕಿಸಿದ್ದು ಇದ್ದರೆ ಹೃದಯದ ಡಾಕ್ಟರ ಒಪ್ಪಿಗೆ ಬೇಕು. ಜಯದೇವ ಸಂಸ್ಥೆಯ ಆಸ್ಪತ್ರೆ ಕಲಬುರಗಿಯಲ್ಲೇ ಇದೆ, ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ರಕ್ತ ತೆಳು ಮಾಡುವ ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಇವುಗಳಲ್ಲಿ ಎರಡು ಮೂರು ಸರಿ ಇಲ್ಲ ಅಂದರೆ ಉತ್ತರ "ಬೇಡ" ಅಂತಲ್ಲ, "ಈಗ ಬೇಡ". ಮೂರು ತಿಂಗಳು ದೂಡಿ, ಸರಿ ಮಾಡಿಕೊಂಡು ಬನ್ನಿ. ಅಷ್ಟರಲ್ಲಿ ಮೊಣಕಾಲಿಗೆ ಆಗುವ ಹಾನಿ ಬಹಳ ಕಡಿಮೆ.

ಸರ್ಜನ್ ಮುಂದೆ ಕೇಳುವ ಪ್ರಶ್ನೆಗಳು

ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜೊತೆಗೆ ಓದಲು ಬರುವ ಒಬ್ಬರಿರಲಿ. ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆ ಅನ್ನುವ ಸಂಕೋಚ ನಮ್ಮವರಿಗೆ ಜಾಸ್ತಿ. ಒಳ್ಳೆಯ ಸರ್ಜನ್ ಸಿಟ್ಟಾಗುವುದಿಲ್ಲ.

ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ? ನೀವೇ ಮಾಡುತ್ತೀರೋ, ಹೊರಗಿನಿಂದ ಬರುವ ಸರ್ಜನ್ ಮಾಡುತ್ತಾರೋ? ಹೊರಗಿನವರಾದರೆ ಅವರು ಹೋದ ಮೇಲೆ ನನ್ನನ್ನು ನೋಡುವವರು ಯಾರು? ಕೀವಾದರೆ ಇಲ್ಲೇ ಎರಡನೇ ಆಪರೇಷನ್ ಆಗುತ್ತದಾ? ಒಂದೇ ಕಡೆ ಸವೆದಿದ್ದರೆ ಅರ್ಧ ಕೀಲು ಬದಲಿಸಿದರೆ ಸಾಕಾ? ನಾನು ಮಾಡಿಸದೇ ಹೋದರೆ ಒಂದು ವರ್ಷದಲ್ಲಿ ಏನಾಗುತ್ತದೆ?

ಕೊನೆಯ ಪ್ರಶ್ನೆ ಬಿಡಬೇಡಿ. ಕಾಲು ಬಿಲ್ಲಿನ ಹಾಗೆ ಬಾಗುತ್ತಾ ಹೋಗುತ್ತಿದ್ದರೆ, ಕೀಲು ನೆಟ್ಟಗಾಗದೆ ಸೆಟೆದುಕೊಂಡಿದ್ದರೆ ತಡ ಮಾಡಿದಷ್ಟೂ ಆಪರೇಷನ್ ಕಷ್ಟ. ಅಂಥವರಿಗೆ ಕಾಯುವುದರಲ್ಲೇ ನಷ್ಟ ಇದೆ. ದೊಡ್ಡವ್ವನಿಗೆ ಹಾಗೆ ಬಾಗು ಇರಲಿಲ್ಲ, ಅದಕ್ಕೇ ಡಾಕ್ಟರು "ವರ್ಷಕ್ಕೊಮ್ಮೆ ತೋರಿಸಿ ಸಾಕು" ಅಂದರು.

ಎರಡೂ ಕಾಲು ಒಂದೇ ಸಲ ಮಾಡಿಸಿದರೆ ಖರ್ಚು ಉಳಿಯುತ್ತದೆ ಅಂತ ಹೇಳುತ್ತಾರೆ. ಹೃದಯ ಗಟ್ಟಿ ಇದ್ದು, ವಯಸ್ಸು ಜಾಸ್ತಿ ಆಗಿರದವರಿಗೆ ಆಗಬಹುದು. ಎಪ್ಪತ್ತೈದು ದಾಟಿದವರಿಗೆ, ಹೃದಯದ ತೊಂದರೆ ಇದ್ದವರಿಗೆ ಒಂದೊಂದೇ ಮಾಡಿಸುವುದು ಲೇಸು. ರೋಬೋಟ್‌ನಿಂದ ಮಾಡಿದರೆ ಎಲುಬು ಕೊಯ್ಯುವ ಅಳತೆ ಹೆಚ್ಚು ನಿಖರ ಇರುತ್ತದೆ. ಆದರೆ ವರ್ಷಗಳ ಮೇಲೆ ಕಾಲು ಅದರಿಂದಲೇ ಹೆಚ್ಚು ಚೆನ್ನಾಗಿರುತ್ತದೆ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ರೋಬೋಟ್ ಸಲುವಾಗಿ ಸಾಲ ಮಾಡಬೇಡಿ.

ಊರಲ್ಲಾ, ಹೈದರಾಬಾದಾ?

ಬೀದರ್‌ನವರಿಗೆ ಹೈದರಾಬಾದ್ ಮೂರು ತಾಸು. ಕಲಬುರಗಿಯವರಿಗೆ ಸೊಲ್ಲಾಪುರ ಎರಡು, ಎರಡೂವರೆ ತಾಸು. ಯಾದಗಿರಿ, ಸುರಪುರದ ಕಡೆಯವರು ಕಲಬುರಗಿಗೆ ಬರುತ್ತಾರೆ, ಇಲ್ಲಾ ರಾಯಚೂರಿಗೆ. ದೊಡ್ಡ ಊರಿನ ದೊಡ್ಡ ದವಾಖಾನೆಯೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇರೆ ತರಹ ನೋಡುತ್ತೇನೆ. ಹತ್ತನೇ ದಿನ ರಾತ್ರಿ ಒಂಬತ್ತಕ್ಕೆ ಗಾಯದಿಂದ ನೀರು ಸೋರಿತು ಅಂದುಕೊಳ್ಳಿ. ಯಾರ ಬಾಗಿಲಿಗೆ ಹೋಗುತ್ತೀರಿ? ಬೇರೆಯವರು ಮಾಡಿದ ಆಪರೇಷನ್‌ನ ತೊಂದರೆ ನೋಡಲು ಊರಿನ ಡಾಕ್ಟರು ಹಿಂದೆ ಮುಂದೆ ನೋಡುತ್ತಾರೆ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಲ್ಲಾ ವಿಭಾಗ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಉಳಿದವರಿಗೆ, ಇದೇ ಕೆಲಸವನ್ನು ದಿನವೂ ಮಾಡುವ ಸರ್ಜನ್ ಹತ್ತಿರದಲ್ಲಿ ಸಿಕ್ಕರೆ ಅದೇ ಹೆಚ್ಚು. ಸರ್ಕಾರಿ ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಇಎಸ್‌ಐ ವೈದ್ಯಕೀಯ ಕಾಲೇಜು, ಬೀದರ್‌ನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಇವುಗಳ ಎಲುಬು ವಿಭಾಗದಲ್ಲಿ ಮೊದಲ ಸಲಹೆ ತಗೊಳ್ಳಿ. ಅಲ್ಲಿ ಮಾಡಿಸದಿದ್ದರೂ, ನಿಮ್ಮಿಂದ ಲಾಭ ಇಲ್ಲದವರ ಒಂದು ಮಾತು ಕೇಳಿದ ಹಾಗಾಗುತ್ತದೆ.

ದುಡ್ಡಿನ ಮಾತು. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮೊಣಕಾಲು ಕೀಲಿನ ಬೆಲೆಗೆ ಮಿತಿ ಹಾಕಿತು. ಜಾಸ್ತಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ₹54,720 ಅಂತಾಯಿತು, ಜಿಎಸ್‌ಟಿ ಬೇರೆ. ಆಮೇಲೆ ಸ್ವಲ್ಪ ಏರಿಳಿತ ಆಗಿದೆ. ಬಿಲ್‌ನಲ್ಲಿ ಕೀಲಿನ ಬೆಲೆ ಬೇರೆಯಾಗಿ ಬರೆಯಿಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ, ಉಳಿದವರಿಗೆ ಪ್ಯಾಕೇಜ್ ದರದ 30% ನೆರವು ಇದೆ. ನಿಮ್ಮ ಆಪರೇಷನ್ ಅದರಲ್ಲಿ ಬರುತ್ತದಾ, ಯಾವ ಆಸ್ಪತ್ರೆಯಲ್ಲಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಭರ್ತಿ ಆಗುವ ಮೊದಲೇ ಕೇಳಿ. ಖಾಸಗಿ ವಿಮೆ ಇದ್ದರೆ ಕೀಲು ಬದಲಿಗೆ ಕಾಯುವ ಅವಧಿ ಎಷ್ಟು ಅಂತ ನೋಡಿ.

ಮನೆ ತಯಾರಿದೆಯಾ?

ನಮ್ಮ ಮನೆಗಳ ಶಹಾಬಾದ್ ಕಲ್ಲು ನೀರು ಬಿದ್ದರೆ ಜಾರುತ್ತದೆ. ಬಚ್ಚಲಿನಲ್ಲಿ ರಬ್ಬರ್ ಚಾಪೆ, ಗೋಡೆಗೆ ಹಿಡಿಕೆ, ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ. ಇವು ಆಪರೇಷನ್‌ಗೆ ಮೊದಲೇ ಬರಬೇಕು. ಮಂಚ ಬೇಕು, ನೆಲದ ಹಾಸಿಗೆ ನಡೆಯುವುದಿಲ್ಲ. ಒಲೆ ಕಟ್ಟೆಯ ಮೇಲೆ ಏರಬೇಕು.

ಮೊದಲ ಎರಡು ವಾರ ಹಗಲು ರಾತ್ರಿ ಒಬ್ಬರು ಜೊತೆಗೆ ಬೇಕು. ಅದು ಯಾರು ಅಂತ ಹೆಸರು ಹಿಡಿದು ಗೊತ್ತು ಮಾಡಿ. "ಎಲ್ಲಾರೂ ಇದ್ದೇವೆ" ಅಂದರೆ ಯಾರೂ ಇಲ್ಲ ಅಂತ ಅರ್ಥ, ಕೊನೆಗೆ ಸೊಸೆಯೊಬ್ಬಳ ಮೇಲೇ ಬೀಳುತ್ತದೆ. ತೊಗರಿ ರಾಶಿಯ ಹೊತ್ತಿನಲ್ಲಿ ಮನೆಮಂದಿಯೆಲ್ಲಾ ಹೊಲದಲ್ಲಿ ಇರುತ್ತಾರೆ, ಆಗ ಬೇಡ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬೆವರುವುದೂ ಕಷ್ಟ. ರಾಶಿ ಮುಗಿದ ಮೇಲೆ, ಬಿಸಿಲು ಏರುವ ಮೊದಲು ಮಾಡಿಸಿದರೆ ಒಳ್ಳೆಯದು.

ಮಾಡಿಸಿಕೊಂಡ ಮೇಲೆ

ವಾಕರ್, ಬಡಿಗೆ ಹಿಡಿದು ಸುಮಾರು ಆರು ವಾರ. ಬಾವು ಕೆಲವು ತಿಂಗಳು ಇರುತ್ತದೆ. ಪೂರ್ತಿ ಫಲ ಕಾಣಲು ವರ್ಷ ಹಿಡಿಯಬಹುದು. ಎರಡನೇ ವಾರದಲ್ಲಿ "ಯಾಕಾದ್ರೂ ಮಾಡಿಸ್ಕೊಂಡ್ನೋ" ಅನಿಸುವುದು ಬಹಳ ಜನರಿಗೆ. ಅದರಿಂದ ನಿರ್ಧಾರ ತಪ್ಪಾಯಿತು ಅಂದುಕೊಳ್ಳಬೇಡಿ.

ಆದರೆ ಕೆಲವಕ್ಕೆ ಕಾಯಬಾರದು. ಮೀನಖಂಡ ಗಟ್ಟಿಯಾಗಿ ಬಾತು ನೋಯುವುದು. ಏಕಾಏಕಿ ಉಸಿರುಗಟ್ಟುವುದು, ಎದೆನೋವು. ಚಳಿಜ್ವರ. ಇಳಿಯುತ್ತಿದ್ದ ನೋವು ಮತ್ತೆ ಏರುವುದು. ಗಾಯ ಕೆಂಪಾಗುವುದು, ನೀರು ಅಥವಾ ಕೀವು ಸೋರುವುದು. ಉಸಿರು, ಎದೆಯ ತೊಂದರೆ ಆದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಗಾಯ ಸೋರಿದರೆ ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿಸಬೇಡಿ. ಅದರಿಂದ ಒಳಗಿನ ಸೋಂಕು ಮುಚ್ಚಿಹೋಗುತ್ತದೆ, ಯಾವ ಕ್ರಿಮಿ ಅಂತ ಟೆಸ್ಟ್‌ನಲ್ಲೂ ಸಿಗುವುದಿಲ್ಲ. ಆಪರೇಷನ್ ಮಾಡಿದ ಸರ್ಜನ್‌ಗೇ ಅದೇ ದಿನ ತೋರಿಸಿ. ಡಿಸ್ಚಾರ್ಜ್ ಆಗುವಾಗ ಅವರ ಫೋನ್ ನಂಬರ್ ಕೇಳಿ ತಗೊಂಡು, ಮಂಚದ ಹತ್ತಿರದ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಹಾಕಿದ ಕೀಲಿನ ಸ್ಟಿಕ್ಕರ್ ಇರುವ ಹಾಳೆಯನ್ನು ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ. ಹತ್ತು ಹದಿನೈದು ವರ್ಷದ ಮೇಲೆ ಬೇರೆ ಡಾಕ್ಟರು ಮೊದಲು ಕೇಳುವುದು ಅದನ್ನೇ.